ಪೇಟೆಂಟ್ ನೋಟೀಸು ಬಂದಾಗ: ಕಾಸರಗೋಡಿನ ಇಲೆಕ್ಟ್ರಾನಿಕ್ಸ್ ವ್ಯಾಪಾರಿಗಳಿಗೂ ಸಣ್ಣ ಉತ್ಪಾದಕರಿಗೂ ಸಮಗ್ರ ಮಾರ್ಗದರ್ಶಿ

ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ಕಾಸರಗೋಡು ಜಿಲ್ಲೆಯ ಪೇಟೆಗಳಲ್ಲಿ ಇಯರ್‌ಫೋನು, ಪವರ್ ಬ್ಯಾಂಕು, ಬ್ಲೂಟೂತ್ ಸ್ಪೀಕರು, ಎಲ್‌ಇಡಿ ದೀಪ ಮಾರುವ ಅಂಗಡಿಗಳಿಗೆ ಕೊರತೆಯಿಲ್ಲ. ಗಲ್ಫಿನಿಂದ ಮರಳಿದವರು ಕೂಡಿಟ್ಟ ಹಣವನ್ನು ಈ ವ್ಯಾಪಾರಕ್ಕೆ ಹಾಕುವುದುಂಟು. ಹೊರಗಿನಿಂದ ಬಿಡಿಭಾಗ ತರಿಸಿ, ಇಲ್ಲಿ ಜೋಡಿಸಿ, ತಮ್ಮದೇ ಹೆಸರಿನ ಪೆಟ್ಟಿಗೆಯಲ್ಲಿ ಮಾರಲು ಹೊರಡುವವರೂ ಇದ್ದಾರೆ. ಇಂಥವರ ಕೈಗೆ ಒಂದು ದಿನ ದೆಹಲಿಯ ಅಥವಾ ಬೆಂಗಳೂರಿನ ವಕೀಲರ ಕಚೇರಿಯಿಂದ ಇಂಗ್ಲಿಷಿನ ದಪ್ಪ ನೋಟೀಸು ಬರಬಹುದು: ನೀವು ಮಾರುತ್ತಿರುವ ಸಾಧನದಲ್ಲಿ ನಮ್ಮ ಕಕ್ಷಿಗಾರರ ಪೇಟೆಂಟ್ ಪಡೆದ ತಂತ್ರಜ್ಞಾನವಿದೆ, ಮಾರಾಟ ನಿಲ್ಲಿಸಿ, ಲೆಕ್ಕ ಕೊಡಿ, ಪರಿಹಾರ ಕಟ್ಟಿ. ಹೆದರಿ ಕೇಳಿದಷ್ಟು ಹಣ ಕೊಟ್ಟುಬಿಡುವುದೂ ತಪ್ಪು, ಅರ್ಥವಾಗದ ಕಾಗದವೆಂದು ಮೇಜಿನ ಖಾನೆಗೆ ತಳ್ಳುವುದೂ ತಪ್ಪು. ಪೇಟೆಂಟ್ ವ್ಯಾಜ್ಯದ ಗತಿ ಬಹುಮಟ್ಟಿಗೆ ನಿರ್ಧಾರವಾಗುವುದು ಕೋರ್ಟಿನ ಮೆಟ್ಟಿಲೇರುವ ಮೊದಲೇ, ಪೇಟೆಂಟಿನ ಬರಹವನ್ನು ನಿಮ್ಮ ವಸ್ತುವಿನ ಎದುರಿಗಿಟ್ಟು ಓದುವ ಆರಂಭದ ವಾರಗಳಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆ ವಾರಗಳಲ್ಲಿ ಮಾಡಬೇಕಾದುದನ್ನೂ ಅನಂತರ ಕಾದುಕೊಳ್ಳಬೇಕಾದುದನ್ನೂ ಕ್ರಮವಾಗಿ ಇಲ್ಲಿ ವಿವರಿಸಿದ್ದೇನೆ.

ಹೆಜ್ಜೆ 1: ಬಂದ ಕಾಗದ ಯಾವುದೆಂದು ಗುರುತಿಸಿ

ವಕೀಲರ ನೋಟೀಸು, ಕೋರ್ಟಿನ ಸಮನ್ಸು, ಕಾನೂನು ಸೇವಾ ಪ್ರಾಧಿಕಾರದ ಮಧ್ಯಸ್ಥಿಕೆಯ ಕರೆ, ತಡೆಯಾಜ್ಞೆಯ ಪ್ರತಿ – ಇವು ನಾಲ್ಕೂ ಬೇರೆ ಬೇರೆ. ವಕೀಲರ ನೋಟೀಸಿನಲ್ಲಿ ‘ಏಳು ದಿನದೊಳಗೆ’ ಎಂದು ಬರೆದಿದ್ದರೆ ಆ ಗಡುವು ಕಳುಹಿಸಿದವರು ತಾವೇ ಹಾಕಿದ್ದು, ಕಾನೂನು ವಿಧಿಸಿದ್ದಲ್ಲ. ಸಮನ್ಸಿನ ಗಡುವು ಮಾತ್ರ ಕಾನೂನಿನದು, ಅದನ್ನು ಮೀರುವಂತಿಲ್ಲ. ಭಾರತದಲ್ಲಿ ಪೇಟೆಂಟ್ ಉಲ್ಲಂಘನೆ ಸಿವಿಲ್ ವಿಷಯವೇ ಹೊರತು ಅಪರಾಧವಲ್ಲವಾದ್ದರಿಂದ, ಪೇಟೆಂಟಿನ ಹೆಸರು ಹೇಳಿಕೊಂಡು ಪೊಲೀಸರು ಅಂಗಡಿಯ ಮಾಲನ್ನು ಹೊತ್ತೊಯ್ಯಲು ಬರುವುದಿಲ್ಲ. ನಕಲಿ ಬ್ರಾಂಡಿನ ದೂರು, ಅಂದರೆ ಟ್ರೇಡ್‌ಮಾರ್ಕಿನ ವಿಷಯ, ಬೇರೆಯೇ ಕಾನೂನಿಗೆ ಸೇರಿದ್ದು. ನೋಟೀಸಿನಲ್ಲಿ ಎರಡನ್ನೂ ಬೆರೆಸಿ ಬರೆದಿದ್ದರೆ ಮೊದಲೇ ಬಿಡಿಸಿ ನೋಡಬೇಕು. ಹೊರರೂಪದ ವಿನ್ಯಾಸದ ನೋಂದಣಿಯೂ ಪೇಟೆಂಟಲ್ಲ, ಅದು 2000ದ ವಿನ್ಯಾಸ ಕಾಯಿದೆಯ ವ್ಯಾಪ್ತಿಗೆ ಬರುತ್ತದೆ.

ಲಕೋಟೆಯನ್ನು ಎಸೆಯಬೇಡಿ. ಪೇಟೆಂಟ್ ಕಾಯಿದೆಯ ಸೆಕ್ಷನ್ 111ರ ಪ್ರಕಾರ, ಪೇಟೆಂಟ್ ಇರುವುದು ತನಗೆ ಗೊತ್ತಿರಲಿಲ್ಲ, ಗೊತ್ತಿರಲು ಸಕಾರಣವೂ ಇರಲಿಲ್ಲ ಎಂದು ಪ್ರತಿವಾದಿ ಸಾಬೀತುಪಡಿಸಿದರೆ ಆ ಅವಧಿಯ ಮಾರಾಟಕ್ಕೆ ಪರಿಹಾರ ಕೊಡಿಸುವಂತಿಲ್ಲ. ಪೆಟ್ಟಿಗೆಯ ಮೇಲೆ ಬರಿಯ ‘ಪೇಟೆಂಟ್ ಪಡೆದದ್ದು’ ಎಂಬ ಮಾತಿದ್ದು ಅದರ ಸಂಖ್ಯೆ ಇಲ್ಲದಿದ್ದರೆ, ಅಷ್ಟರಿಂದಲೇ ನಿಮಗೆ ಗೊತ್ತಿತ್ತೆಂದು ಹೇಳಲಾಗದು. ಆದರೆ ನೋಟೀಸು ಕೈಸೇರಿದ ದಿನದಿಂದ ಆ ರಕ್ಷಣೆ ಮುಗಿಯಿತು. ಆದಕಾರಣ ಲಕೋಟೆಯ ಅಂಚೆ ಮುದ್ರೆ, ಆ ದಿನ ಅಂಗಡಿಯಲ್ಲಿಯೂ ಗೋದಾಮಿನಲ್ಲಿಯೂ ಇದ್ದ ಮಾಲಿನ ಲೆಕ್ಕ, ಅಲ್ಲಿಯವರೆಗಿನ ಮಾರಾಟದ ಬಿಲ್ಲು ಇವನ್ನು ಒಂದೇ ಕಡತದಲ್ಲಿ ಸೇರಿಸಿಡಿ.

ಹೆಜ್ಜೆ 2: ಪೇಟೆಂಟಿಗೆ ಜೀವ ಇದೆಯೇ ಎಂದು ನೋಡಿ

ನೋಟೀಸಿನಲ್ಲಿ ಭಾರತದ ಪೇಟೆಂಟ್ ಸಂಖ್ಯೆ ಇರಲೇಬೇಕು. ಅಮೆರಿಕದ ಅಥವಾ ಚೀನಾದ ಪೇಟೆಂಟ್ ಎಷ್ಟೇ ದೊಡ್ಡದಾಗಿದ್ದರೂ ಉಪ್ಪಳದ ಅಂಗಡಿಯ ಮಾರಾಟವನ್ನು ತಡೆಯಲಾರದು. ಆದರೆ ನೀವು ಇಲ್ಲಿಂದ ದುಬೈಗೆ ಸರಕು ಕಳುಹಿಸುವವರಾದರೆ ಆ ದೇಶದ ಪೇಟೆಂಟುಗಳನ್ನು ಬೇರೆಯಾಗಿ ಪರಿಶೀಲಿಸಬೇಕಾಗುತ್ತದೆ.

ಭಾರತೀಯ ಪೇಟೆಂಟ್ ಕಚೇರಿಯ ಜಾಲತಾಣದಲ್ಲಿರುವ ‘ಇನ್‌ಪಾಸ್’ ಎಂಬ ಹುಡುಕಾಟದ ವ್ಯವಸ್ಥೆಯಲ್ಲಿ ಸಂಖ್ಯೆ ಹಾಕಿದರೆ ಅರ್ಜಿಯ ದಿನಾಂಕ, ಮಂಜೂರಾದ ದಿನಾಂಕ, ಪೂರ್ಣ ವಿವರಣಾಪತ್ರ ಎಲ್ಲವೂ ಉಚಿತವಾಗಿ ಸಿಗುತ್ತವೆ. ಪೇಟೆಂಟಿನ ಆಯುಷ್ಯ ಅರ್ಜಿ ಸಲ್ಲಿಸಿದ ದಿನದಿಂದ 20 ವರ್ಷ. ನವೀಕರಣ ಶುಲ್ಕ ಕಟ್ಟದಿದ್ದರೆ ಅದಕ್ಕೂ ಮೊದಲೇ ಅದು ಕೊನೆಗೊಳ್ಳುತ್ತದೆ, ಆದರೆ 18 ತಿಂಗಳೊಳಗೆ ಪುನಃಸ್ಥಾಪನೆಗೆ ಅರ್ಜಿ ಹಾಕಲು ಒಡೆಯನಿಗೆ ಅವಕಾಶವಿದೆ. ಇನ್ನೂ ಮಂಜೂರಾಗದ ಅರ್ಜಿಯನ್ನಷ್ಟೇ ತೋರಿಸಿ ನೋಟೀಸು ಕೊಟ್ಟಿದ್ದರೆ ಈಗಲೇ ದಾವೆ ಹೂಡಲು ಅವರಿಗೆ ಸಾಧ್ಯವಿಲ್ಲ; ಮುಂದೆ ಮಂಜೂರಾದರೆ ಮಾತ್ರ ಅರ್ಜಿ ಪ್ರಕಟವಾದ ದಿನದಿಂದಲೇ ಲೆಕ್ಕ ಕೇಳಬಹುದು.

ಹೆಜ್ಜೆ 3: ಹಕ್ಕುಕೋರಿಕೆಗಳನ್ನು ಪದ ಪದವಾಗಿ ಓದಿ

ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ಇದಕ್ಕೆ ಎಷ್ಟು ಸಮಯ ಕೊಟ್ಟರೂ ಹೆಚ್ಚಲ್ಲ. ಪೇಟೆಂಟಿನ ದಾಖಲೆಯಲ್ಲಿ ಶೀರ್ಷಿಕೆ, ಸಾರಾಂಶ, ಚಿತ್ರ, ಪುಟಗಟ್ಟಲೆ ವಿವರಣೆ ಇರುತ್ತವೆ. ಕೊನೆಯಲ್ಲಿ ಅಂಕಿ ಹಾಕಿದ ಹಕ್ಕುಕೋರಿಕೆಗಳು (ಇಂಗ್ಲಿಷಿನಲ್ಲಿ ‘ಕ್ಲೇಮ್’) ಬರುತ್ತವೆ. ಜಾಗದ ಆಧಾರಪತ್ರದಲ್ಲಿ ಚಕ್ಕುಬಂದಿ ಹೇಗೋ ಪೇಟೆಂಟಿನಲ್ಲಿ ಇವು ಹಾಗೆ: ಒಡೆಯನ ಹಕ್ಕು ಎಲ್ಲಿಯವರೆಗೆ ಎಂಬುದನ್ನು ತೀರ್ಮಾನಿಸುವುದು ಈ ಸಾಲುಗಳೇ. ನೋಟೀಸಿನಲ್ಲಿ ‘ಶಬ್ದವನ್ನು ತಾನಾಗಿ ಹೊಂದಿಸಿಕೊಳ್ಳುವ ಸ್ಪೀಕರ್ ನಮ್ಮದು’ ಎಂದು ಅಗಲವಾಗಿ ಬರೆದಿದ್ದರೂ ಪೇಟೆಂಟಿನ ಒಳಗಿನ ಹಕ್ಕು ತೀರ ಕಿರಿದಾಗಿರುವ ಸಂಭವವಿದೆ.

ಒಂದು ಕಲ್ಪಿತ ಉದಾಹರಣೆ ನೋಡೋಣ. ಮೊದಲ ಹಕ್ಕುಕೋರಿಕೆಯಲ್ಲಿ ಐದು ಅಂಗಗಳಿವೆ ಎಂದುಕೊಳ್ಳಿ: ಕವಚ, ಬ್ಯಾಟರಿ, ಸುತ್ತಲಿನ ಸದ್ದನ್ನು ಹಿಡಿಯುವ ಮೈಕ್, ಆ ಸದ್ದಿನ ಮಟ್ಟವನ್ನು ಅಳೆಯುವ ಸರ್ಕಿಟ್, ಅಳತೆಗೆ ತಕ್ಕಂತೆ ಶಬ್ದವನ್ನು ಏರಿಸಿ ಇಳಿಸುವ ನಿಯಂತ್ರಕ. ಉಲ್ಲಂಘನೆಯಾಗಬೇಕಾದರೆ ಐದೂ ನಿಮ್ಮ ಸ್ಪೀಕರಿನಲ್ಲಿ ಇರಬೇಕು. ನಿಮ್ಮದರಲ್ಲಿ ಮೈಕ್ ಇದ್ದರೂ ಅದು ಕರೆಗೆ ಮಾತ್ರ ಬಳಕೆಯಾಗುತ್ತದೆ, ಸದ್ದನ್ನು ಅಳೆಯುವ ಸರ್ಕಿಟ್ಟೇ ಇಲ್ಲ ಎಂದಾದರೆ ಆ ಹಕ್ಕುಕೋರಿಕೆ ನಿಮ್ಮನ್ನು ಮುಟ್ಟುವುದಿಲ್ಲ. ಅದನ್ನೇ ಆಧರಿಸಿ ಬರೆದ ಮುಂದಿನ ಹಕ್ಕುಕೋರಿಕೆಗಳೂ ಮುಟ್ಟುವುದಿಲ್ಲ. ಆದರೆ ಸರ್ಕಿಟ್ಟಿನ ಬದಲು ಅದೇ ಕೆಲಸವನ್ನು ಅದೇ ರೀತಿಯಲ್ಲಿ ಮಾಡಿ ಅದೇ ಫಲ ಕೊಡುವ ಚಿಪ್ ಇದ್ದರೆ ಹೆಸರು ಬೇರೆಯೆಂಬ ಕಾರಣಕ್ಕೆ ಪಾರಾಗಲಾಗದು, ಏಕೆಂದರೆ ಸಮಾನವಾದ ಬದಲಿಗಳನ್ನೂ ಕೋರ್ಟು ಗಮನಕ್ಕೆ ತೆಗೆದುಕೊಳ್ಳುತ್ತದೆ.

ಒಂದು ಹಾಳೆಯನ್ನು ಉದ್ದಕ್ಕೆ ಎರಡಾಗಿ ಭಾಗಿಸಿ, ಎಡಗಡೆ ಹಕ್ಕುಕೋರಿಕೆಯ ಒಂದೊಂದು ಅಂಗವನ್ನೂ ಬಲಗಡೆ ನಿಮ್ಮ ವಸ್ತುವಿನಲ್ಲಿ ಅದಕ್ಕೆ ಸಂಬಂಧಿಸಿದ ಭಾಗವನ್ನೂ ಬರೆಯಿರಿ. ಸಾಧನವನ್ನು ಬಿಚ್ಚಿ ಒಳಗಿನ ಬೋರ್ಡಿನ ಫೋಟೊ ತೆಗೆಯಿರಿ. ಚಿಪ್ಪಿನ ಮೇಲಿನ ಸಂಖ್ಯೆ ಓದಿ ಅದರ ತಾಂತ್ರಿಕ ವಿವರದ ಹಾಳೆಯನ್ನು ಹುಡುಕಿ ತೆಗೆದಿಡಿ. ಪೊವ್ವಲ್‌ನ ಎಲ್.ಬಿ.ಎಸ್. ಕಾಲೇಜಿನಂಥ ಇಂಜಿನಿಯರಿಂಗ್ ಕಾಲೇಜುಗಳು ಜಿಲ್ಲೆಯಲ್ಲಿಯೇ ಇವೆ. ಇಲೆಕ್ಟ್ರಾನಿಕ್ಸ್ ಬಲ್ಲ ಅಧ್ಯಾಪಕರೊಬ್ಬರನ್ನು ಕೂರಿಸಿಕೊಂಡು ಈ ಹಾಳೆಯನ್ನು ಮೊದಲು ಕನ್ನಡದಲ್ಲಿಯೇ ಸಿದ್ಧಪಡಿಸಿದರೂ ಅಡ್ಡಿಯಿಲ್ಲ. ತನ್ನ ವಸ್ತು ಕೆಲಸ ಮಾಡುವ ಬಗೆಯನ್ನು ಮಾಲಿಕನೇ ತನ್ನ ಭಾಷೆಯಲ್ಲಿ ಸ್ಪಷ್ಟವಾಗಿ ಹೇಳಬಲ್ಲವನಾದರೆ ವಕೀಲರ ಅರ್ಧ ಕೆಲಸ ಮುಗಿದಂತೆ. ಪೇಟೆಂಟ್ ಕಚೇರಿಗೆ ಸಲ್ಲಿಸುವ ಕಾಗದಗಳು ಮಾತ್ರ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಇರಬೇಕೆಂಬ ನಿಯಮವಿದೆ; ಅನುವಾದಕ್ಕೆ ಬೇಕಾಗುವ ದಿನಗಳನ್ನು ಮೊದಲೇ ಎಣಿಸಿಕೊಳ್ಳಿ.

ಹೆಜ್ಜೆ 4: ಸರಕು ಬಂದ ದಾರಿಯನ್ನು ದಾಖಲೆಯಿಂದ ತೋರಿಸಿ

‘ನಾನು ತಯಾರಿಸಿದ್ದಲ್ಲ, ತಂದು ಮಾರಿದ್ದು ಮಾತ್ರ’ ಎಂಬ ಮಾತು ಕಾನೂನಿನಲ್ಲಿ ನಿಲ್ಲುವುದಿಲ್ಲ. ಸೆಕ್ಷನ್ 48ರಂತೆ ಪೇಟೆಂಟ್ ಪಡೆದ ವಸ್ತುವನ್ನು ತಯಾರಿಸುವುದು, ಬಳಸುವುದು, ಮಾರುವುದು, ಮಾರಾಟಕ್ಕೆ ಇಡುವುದು, ಆಮದು ಮಾಡುವುದು ಇವೆಲ್ಲವನ್ನೂ ತಡೆಯುವ ಹಕ್ಕು ಒಡೆಯನಿಗಿದೆ. ಆದರೆ ಒಡೆಯನೋ ಅವನಿಂದ ಪರವಾನಗಿ ಪಡೆದವನೋ ಒಮ್ಮೆ ಮಾರಿದ ಚಿಪ್ ಅಥವಾ ಬಿಡಿಭಾಗ ನಿಮ್ಮ ವಸ್ತುವಿನಲ್ಲಿದ್ದರೆ ನಿಮಗೆ ಗಟ್ಟಿಯಾದ ಪ್ರತಿವಾದವಿದೆ. 2014ರ ಡಿಸೆಂಬರಿನಲ್ಲಿ ಎರಿಕ್ಸನ್ ಹೂಡಿದ ದಾವೆಯಲ್ಲಿ ಶಿಯೋಮಿ ಫೋನುಗಳ ಮಾರಾಟವನ್ನು ದೆಹಲಿ ಹೈಕೋರ್ಟು ತಡೆಹಿಡಿಯಿತು. ಕ್ವಾಲ್‌ಕಾಮ್ ಚಿಪ್ ಇದ್ದ ಫೋನುಗಳಿಗೆ ಮಾತ್ರ, ಆ ಚಿಪ್ಪಿಗೆ ಪರವಾನಗಿ ಇದೆಯೆಂಬ ವಾದವನ್ನು ಗಮನಿಸಿ, ಫೋನೊಂದಕ್ಕೆ 100 ರೂಪಾಯಿ ಠೇವಣಿ ಇಡುವ ಷರತ್ತಿನಲ್ಲಿ ಕೆಲವೇ ದಿನಗಳಲ್ಲಿ ಮಾರಾಟಕ್ಕೆ ಅವಕಾಶ ಕೊಟ್ಟಿತು.

ಈ ವಾದಕ್ಕೆ ಕಾಗದದ ಬೆಂಬಲ ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಫಿಲಿಪ್ಸ್ ಕಂಪೆನಿಯ ಡಿವಿಡಿ ಪ್ಲೇಯರ್ ಪ್ರಕರಣಗಳು ಸಾಕ್ಷಿ. ಹೊರಗಿನಿಂದ ಬಿಡಿಭಾಗ ತರಿಸಿ ಡಿವಿಡಿ ಪ್ಲೇಯರ್ ಜೋಡಿಸುತ್ತಿದ್ದ ಸಣ್ಣ ಉತ್ಪಾದಕರು, ತಾವು ಕೊಂಡದ್ದು ಪರವಾನಗಿ ಇದ್ದವರಿಂದಲೇ ಎಂದು ವಾದಿಸಿದರು, ಆದರೆ ಅದನ್ನು ಸಾಬೀತುಪಡಿಸಲಾಗಲಿಲ್ಲ. 2015ರಲ್ಲಿ ಪೇಟೆಂಟಿನ ಅವಧಿಯೇ ಮುಗಿದುಹೋಗಿದ್ದರೂ, 2018ರ ಜುಲೈಯಲ್ಲಿ ದೆಹಲಿ ಹೈಕೋರ್ಟು 2010ರ ಮೇ ತಿಂಗಳವರೆಗಿನ ಪ್ಲೇಯರ್ ಒಂದಕ್ಕೆ 3.175 ಡಾಲರ್, ಅಲ್ಲಿಂದ ಮುಂದಕ್ಕೆ 1.90 ಡಾಲರ್ ದರದಲ್ಲಿ ರಾಯಲ್ಟಿ ಲೆಕ್ಕ ಹಾಕಿತು. ಅಗ್ಗದ ಪ್ಲೇಯರಿನಲ್ಲಿ ಸಿಗುವ ಲಾಭವೆಷ್ಟೆಂದು ಬಲ್ಲವರಿಗೆ ಈ ದರದ ಭಾರ ತಟ್ಟನೆ ಅರ್ಥವಾಗುತ್ತದೆ. ವಿದ್ಯುತ್ ಕೆಟಲಿನ ಬಗ್ಗೆ 2009ರಲ್ಲಿ ಬಂದ ಸ್ಟ್ರಿಕ್ಸ್ ಮತ್ತು ಮಹಾರಾಜ ಅಪ್ಲಯನ್ಸಸ್ ನಡುವಿನ ತೀರ್ಪಿನಲ್ಲಿಯೂ, ಚೀನಾದ ಪೂರೈಕೆದಾರನ ಬಾಯಿಮಾತನ್ನು ನಂಬಿ ಆಮದು ಮಾಡಿದವರಿಗೆ ರಕ್ಷಣೆ ದೊರೆಯಲಿಲ್ಲ.

ಹೀಗಾಗಿ ಪೂರೈಕೆದಾರನಿಗೆ ಕೂಡಲೇ ಬರೆದು ಪರವಾನಗಿಯ ಪ್ರತಿಯನ್ನೂ ಚಿಪ್ ಕೊಂಡ ಇನ್‌ವಾಯ್ಸನ್ನೂ ಕೇಳಿ. ಪೇಟೆಂಟ್ ತಕರಾರು ಬಂದರೆ ನಷ್ಟವನ್ನು ತಾನೇ ತುಂಬಿಕೊಡುವುದಾಗಿ ಅವನು ಒಪ್ಪಂದದಲ್ಲಿ ಬರೆದುಕೊಟ್ಟಿದ್ದರೆ ಆ ಷರತ್ತನ್ನು ಉಲ್ಲೇಖಿಸಿ. ಚಾರ್ಜರಿನ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿಯ ಗುರುತಿದೆ, ಜಿಎಸ್‌ಟಿ ಕಟ್ಟಿದ್ದೇವೆ ಎಂಬ ಉತ್ತರ ಇಲ್ಲಿ ಪ್ರಯೋಜನಕ್ಕೆ ಬಾರದು. ಬಿಐಎಸ್ ನೋಡುವುದು ಸುರಕ್ಷತೆಯನ್ನು. ಪೇಟೆಂಟಿನ ಪರವಾನಗಿಗೂ ಅದಕ್ಕೂ ಸಂಬಂಧವಿಲ್ಲ. ಆಮದುದಾರರಿಗೆ ನೆಮ್ಮದಿಯ ಸಂಗತಿಯೊಂದಿದೆ: 2018ರ ಜೂನಿನಲ್ಲಿ ಆದ ತಿದ್ದುಪಡಿಯ ಬಳಿಕ ಕಸ್ಟಮ್ಸ್‌ನ ಬೌದ್ಧಿಕ ಆಸ್ತಿ ನಿಯಮಗಳಿಂದ ಪೇಟೆಂಟನ್ನು ಕೈಬಿಡಲಾಗಿದೆ. ಕೊಚ್ಚಿಯಲ್ಲಾಗಲಿ ನವಮಂಗಳೂರಿನಲ್ಲಾಗಲಿ ಆ ನಿಯಮಗಳಡಿ ಪೇಟೆಂಟ್ ನೋಂದಾಯಿಸಿಟ್ಟು ಸರಕು ತಡೆಯಿಸುವ ಹಳೆಯ ಪದ್ಧತಿ ಈಗ ಇಲ್ಲ, ಅದಕ್ಕೆ ಕೋರ್ಟಿನ ಆದೇಶ ಬೇಕು.

ಹೆಜ್ಜೆ 5: ಆ ಆವಿಷ್ಕಾರ ನಿಜವಾಗಿಯೂ ಹೊಸದೇ ಎಂದು ಹುಡುಕಿ

ಪೇಟೆಂಟ್ ಮಂಜೂರಾಗಿದೆ ಎಂದ ಮಾತ್ರಕ್ಕೆ ಅದು ಸಿಂಧು ಎಂದು ಕಾನೂನು ಭರವಸೆ ಕೊಡುವುದಿಲ್ಲ. ಪಾತ್ರೆ ತಯಾರಿಕೆಗೆ ಸಂಬಂಧಿಸಿದ ವ್ಯಾಜ್ಯವೊಂದರಲ್ಲಿ ಸುಪ್ರೀಂ ಕೋರ್ಟು 1978ರಲ್ಲಿಯೇ, ಬರಿಯ ಕಾರ್ಯಾಗಾರದ ಸುಧಾರಣೆ, ಅಂದರೆ ಕೆಲಸ ಬಲ್ಲವನಿಗೆ ಸಹಜವಾಗಿ ಹೊಳೆಯುವ ಮಾರ್ಪಾಡು, ಪೇಟೆಂಟಿಗೆ ಅರ್ಹವಲ್ಲ ಎಂದಿತು. ಗ್ರಾಹಕ ಇಲೆಕ್ಟ್ರಾನಿಕ್ಸಿನಲ್ಲಿ ನಮಗೆ ನೆನಪಿರಬೇಕಾದ ಪ್ರಕರಣ ಎರಡು ಸಿಮ್ ಹಾಕುವ ಫೋನಿನದು. ಮದುರೈಯ ಸಂಶೋಧಕರೊಬ್ಬರು ಪಡೆದಿದ್ದ ಆ ಪೇಟೆಂಟಿನ ಬಲದಿಂದ ಕಸ್ಟಮ್ಸ್‌ನಲ್ಲಿ ಆಮದಿನ ಸರಕಿಗೆ ತಡೆ ಬಿದ್ದಿತ್ತು. 2012ರಲ್ಲಿ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿ ಅದನ್ನು ರದ್ದುಪಡಿಸಿತು.

ಪೇಟೆಂಟಿನ ಆದ್ಯತೆಯ ದಿನಾಂಕಕ್ಕೆ, ಅಂದರೆ ಆ ಆವಿಷ್ಕಾರಕ್ಕೆ ಮೊತ್ತಮೊದಲು ಅರ್ಜಿ ಸಲ್ಲಿಸಿದ ದಿನಕ್ಕೆ, ಮೊದಲು ಆ ಸಂಗತಿ ಭಾರತದಲ್ಲಿ ಸಾರ್ವಜನಿಕವಾಗಿ ತಿಳಿದಿದ್ದರೆ ಅಥವಾ ಬಳಕೆಯಲ್ಲಿದ್ದರೆ, ಇಲ್ಲವೇ ಭಾರತದಲ್ಲಾಗಲಿ ಬೇರೆಡೆಯಲ್ಲಾಗಲಿ ಪ್ರಕಟವಾಗಿದ್ದರೆ, ಸೆಕ್ಷನ್ 64ರ ಪ್ರಕಾರ ಪೇಟೆಂಟನ್ನು ರದ್ದುಪಡಿಸಬಹುದು. ಈ ಮಾತನ್ನು ಕಾಸರಗೋಡಿನವರು ಗಮನವಿಟ್ಟು ಓದಬೇಕು. ಅಂಥದೇ ಸಾಧನ ಮೊದಲೇ ದುಬೈಯ ಅಂಗಡಿಯಲ್ಲಿ ಮಾರಾಟವಾಗುತ್ತಿತ್ತು ಎಂದರೆ ಸಾಲದು, ಏಕೆಂದರೆ ಬಳಕೆ ಭಾರತದಲ್ಲಿ ಆಗಿರಬೇಕು. ಆದರೆ ಅದರ ಜೊತೆ ಬಂದ ಅಚ್ಚಾದ ಬಳಕೆದಾರರ ಕೈಪಿಡಿ, ಅಲ್ಲಿಯ ಪತ್ರಿಕೆಯ ಜಾಹೀರಾತು, ಕಂಪೆನಿಯ ಕ್ಯಾಟಲಾಗು ಇವು ಪ್ರಕಟಣೆಯಾಗಬಲ್ಲವು. ಪ್ರಕಟಣೆ ಯಾವ ದೇಶದಲ್ಲಿ ಆದರೂ ಸರಿಯೇ. ಗಲ್ಫಿನಿಂದ ಹತ್ತಾರು ವರ್ಷಗಳಿಂದ ಸಾಧನಗಳು ಬರುತ್ತಿರುವ ಈ ಊರಿನ ಮನೆಗಳ ಅಟ್ಟದಲ್ಲಿ, ಬೇರೆಯವರಿಗೆ ಸುಲಭಕ್ಕೆ ದಕ್ಕದ ಇಂಥ ಸಾಕ್ಷ್ಯ ಸಿಗುವ ಸಾಧ್ಯತೆ ನಿಜವಾಗಿಯೂ ಇದೆ. ಆ ಸಾಧನವೇ ಅಂದು ಕುಂಬಳೆಯ ಅಂಗಡಿಯಲ್ಲಿ ಮಾರಾಟವಾಗಿದ್ದರೆ ಅದು ಭಾರತದಲ್ಲಾದ ಬಳಕೆಯೇ ಸರಿ. ಹಳೆಯ ಬಿಲ್ ಪುಸ್ತಕ ಆಗ ಅಮೂಲ್ಯ. ಕೈಪಿಡಿಯ ಮೇಲೆ ಅಚ್ಚಾದ ದಿನಾಂಕ ಕಾಣುವಂತೆ ಫೋಟೊ ತೆಗೆದು ಮೂಲಪ್ರತಿಯನ್ನು ಜೋಪಾನ ಮಾಡಿ. ಕೈಪಿಡಿಯಲ್ಲಿ ಹಕ್ಕುಕೋರಿಕೆಯ ಪ್ರತಿಯೊಂದು ಅಂಗವೂ ವಿವರಿಸಲ್ಪಟ್ಟಿದೆಯೇ ಎಂಬುದನ್ನು ಮೂರನೆಯ ಹೆಜ್ಜೆಯ ಹಾಳೆಗೆ ಹೊಂದಿಸಿ ನೋಡಬೇಕು. ಸುಮಾರಾಗಿ ಹೋಲುತ್ತದೆ ಎಂಬಷ್ಟು ಸಾಲದು.

ಸೆಕ್ಷನ್ 3ನ್ನೂ ಮರೆಯಬಾರದು. ಕಂಪ್ಯೂಟರ್ ಪ್ರೋಗ್ರಾಮ್ ತಾನೇ ತಾನಾಗಿ, ಅಲ್ಗಾರಿದಮ್, ಗಣಿತದ ಅಥವಾ ವ್ಯವಹಾರದ ವಿಧಾನ ಇವು ಪೇಟೆಂಟಿಗೆ ಅರ್ಹವಲ್ಲ. ಈಗಾಗಲೇ ತಿಳಿದಿರುವ ಸಾಧನಗಳನ್ನು, ಒಂದೊಂದೂ ತನ್ನಷ್ಟಕ್ಕೆ ಕೆಲಸ ಮಾಡುವಂತೆ, ಬರಿದೆ ಒಟ್ಟಿಗೆ ಜೋಡಿಸಿದ್ದಕ್ಕೂ ಇದೇ ಮಾತು ಅನ್ವಯಿಸುತ್ತದೆ. ಟಾರ್ಚು, ರೇಡಿಯೊ, ಚಾರ್ಜರ್ ಮೂರನ್ನೂ ಒಂದೇ ಕವಚದಲ್ಲಿ ಸೇರಿಸಿದ ಸಾಧನದ ಬಗ್ಗೆ ನೋಟೀಸು ಬಂದರೆ ಮೊದಲು ಯೋಚಿಸಬೇಕಾದುದು ಇದನ್ನೇ.

ಹೆಜ್ಜೆ 6: ಯಾವ ಬಾಗಿಲು ತಟ್ಟಬೇಕೆಂದು ತೀರ್ಮಾನಿಸಿ

ಪೇಟೆಂಟ್ ಮಂಜೂರಾದುದು ಪ್ರಕಟವಾಗಿ ಒಂದು ವರ್ಷ ಕಳೆಯದಿದ್ದರೆ, ಹಿತಾಸಕ್ತಿ ಇರುವವರು ಪೇಟೆಂಟ್ ಕಚೇರಿಯಲ್ಲಿಯೇ ಆಕ್ಷೇಪ ಸಲ್ಲಿಸಬಹುದು. ಕೇರಳವೂ ಕರ್ನಾಟಕವೂ ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಸೇರುತ್ತವೆ. ಆ ಬಳಿಕ ಉಳಿಯುವುದು ಹೈಕೋರ್ಟಿನಲ್ಲಿ ರದ್ದತಿ ಅರ್ಜಿ, ಅಥವಾ ನಿಮ್ಮ ಮೇಲೆ ದಾವೆ ಬಂದಾಗ ಅದರಲ್ಲಿಯೇ ಹೂಡುವ ಪ್ರತಿದಾವೆ. ಮೇಲ್ಮನವಿ ಮಂಡಳಿ 2021ರಲ್ಲಿ ರದ್ದಾದ ಕಾರಣ ಅತ್ತ ಹೋಗುವ ದಾರಿ ಈಗ ಇಲ್ಲ. ಎಲ್ಲ ಬಾಗಿಲುಗಳನ್ನೂ ಒಟ್ಟಿಗೆ ತಟ್ಟುವಂತಿಲ್ಲವೆಂದು ಸುಪ್ರೀಂ ಕೋರ್ಟು 2014ರಲ್ಲಿ ಸ್ಪಷ್ಟಪಡಿಸಿದೆ: ಆಕ್ಷೇಪ ಸಲ್ಲಿಸಿದವರು ರದ್ದತಿ ಅರ್ಜಿ ಹಾಕುವಂತಿಲ್ಲ, ಪ್ರತಿದಾವೆ ಹೂಡಿದವರು ಬೇರೆ ಅರ್ಜಿ ಸಲ್ಲಿಸುವಂತಿಲ್ಲ. ಹೀಗಾಗಿ ಸಿಟ್ಟಿನಲ್ಲಿ ಮೊದಲು ಕಂಡ ಕಡೆ ಅರ್ಜಿ ಹಾಕದೆ, ನಿಮ್ಮ ಸಾಕ್ಷ್ಯ ಎಲ್ಲಿ ಹೆಚ್ಚು ನಿಲ್ಲುತ್ತದೆಂದು ಯೋಚಿಸಿ ಆರಿಸಬೇಕು.

ನಿಮ್ಮ ವಸ್ತು ಹಕ್ಕಿನ ಗಡಿಯ ಹೊರಗಿದೆ ಎಂಬ ವಿಶ್ವಾಸವಿದ್ದರೆ ಸೆಕ್ಷನ್ 105ರ ಅಡಿ ‘ಉಲ್ಲಂಘನೆಯಿಲ್ಲ’ ಎಂಬ ಘೋಷಣೆ ಕೇಳಬಹುದು. ಅದಕ್ಕೆ ಮೊದಲು ವಸ್ತುವಿನ ಪೂರ್ಣ ವಿವರ ಕೊಟ್ಟು ಪೇಟೆಂಟ್ ಒಡೆಯನಿಂದ ಲಿಖಿತ ಒಪ್ಪಿಗೆ ಕೇಳಿರಬೇಕು. ಆಧಾರವಿಲ್ಲದ ಬೆದರಿಕೆಗೆ ಸೆಕ್ಷನ್ 106ರಲ್ಲಿ ಪರಿಹಾರವಿದೆ, ಆದರೆ ‘ಇಂಥ ಪೇಟೆಂಟ್ ಇದೆ’ ಎಂದು ತಿಳಿಸಿದ್ದಷ್ಟೇ ಬೆದರಿಕೆಯಾಗದು.

ಹೆಜ್ಜೆ 7: ಉತ್ತರ ಬರೆಯಿರಿ

ಉತ್ತರ ಕೊಡದೆ ಇರಬೇಡಿ. ಮೊದಲ ಉತ್ತರ ಚಿಕ್ಕದಾಗಿರಲಿ: ನೋಟೀಸು ತಲಪಿದೆ, ಪರಿಶೀಲಿಸುತ್ತಿದ್ದೇವೆ, ನಮ್ಮ ಯಾವ ಮಾದರಿಯ ಯಾವ ಭಾಗ ಯಾವ ಹಕ್ಕುಕೋರಿಕೆಯನ್ನು ಉಲ್ಲಂಘಿಸುತ್ತದೆಂಬುದನ್ನು ಅಂಗ ಅಂಗವಾಗಿ ತೋರಿಸುವ ಪಟ್ಟಿ ಕಳುಹಿಸಿ. ನಿಜವಾದ ತಕರಾರಿನವರಲ್ಲಿ ಈ ಪಟ್ಟಿ ಸಿದ್ಧವಾಗಿಯೇ ಇರುತ್ತದೆ. ತಪ್ಪೊಪ್ಪಿಗೆಯಂತೆ ಓದಬಹುದಾದ ಒಂದು ವಾಕ್ಯವೂ ಬೇಡ. ಮಾರಾಟದ ಅಂಕಿ ಅಂಶಗಳನ್ನೂ ಈ ಹಂತದಲ್ಲಿ ಕೊಡಬೇಕಾಗಿಲ್ಲ. ವಕೀಲರ ಜೊತೆಗೆ ನೋಂದಾಯಿತ ಪೇಟೆಂಟ್ ಏಜೆಂಟರೊಬ್ಬರ ಸಲಹೆಯೂ ಬೇಕು. ಸುಮಾರು 50 ಕಿ.ಮೀ. ದೂರದ ಮಂಗಳೂರು ನಮಗೆ ಹತ್ತಿರವಾದರೂ ಹೈಕೋರ್ಟು ಮಾತ್ರ ಎರ್ನಾಕುಳದ್ದು ಎಂಬುದನ್ನು ನೆನಪಿಟ್ಟು ವಕೀಲರನ್ನು ಗೊತ್ತುಮಾಡಿಕೊಳ್ಳಿ.

ಹೆಜ್ಜೆ 8: ದಾವೆಗೆ ಸಿದ್ಧರಾಗಿ

ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗೆ ಪೇಟೆಂಟ್ ದಾವೆ ಹೂಡುವಂತಿಲ್ಲ. ರದ್ದತಿ ಕೋರಿ ಪ್ರತಿದಾವೆ ಹೂಡಿದರೆ ಅದು ಹೈಕೋರ್ಟಿಗೆ ವರ್ಗವಾಗುತ್ತದೆ. ಆನ್‌ಲೈನಿನಲ್ಲಿ ದೇಶವಿಡೀ ಮಾರುವವರ ಮೇಲೆ, ದೆಹಲಿಯಲ್ಲಿಯೂ ಸರಕು ತಲಪಿದೆಯೆಂಬ ಆಧಾರದಲ್ಲಿ ದೆಹಲಿ ಹೈಕೋರ್ಟಿನಲ್ಲಿ ದಾವೆ ಬರಬಹುದು. ಆದುದರಿಂದ ದಾವೆ ಬರಬಹುದಾದ ಪ್ರತಿಯೊಂದು ಕೋರ್ಟಿನಲ್ಲಿ ಕೇವಿಯೆಟ್, ಅಂದರೆ ನಮ್ಮ ಮಾತನ್ನೂ ಕೇಳಿ ಎಂಬ ಮುಂಗಡ ಮನವಿ, ಹಾಕುವುದು ಒಳ್ಳೆಯದು. ಅದರ ಬಲ 90 ದಿನ, ಬೇಕಾದರೆ ಮತ್ತೆ ಹಾಕಬೇಕು. ನಿಮ್ಮ ಮಾತು ಕೇಳದೆಯೇ ತಡೆಯಾಜ್ಞೆ ಹೊರಡುವ ಅಪಾಯ ಇದರಿಂದ ತಗ್ಗುತ್ತದೆ.

ಕೋರ್ಟು ನೇಮಿಸಿದ ಕಮಿಷನರ್ ಅಂಗಡಿಗೆ ಬಂದರೆ ಆದೇಶದ ಪ್ರತಿ ಕೇಳಿ ಓದಿ, ಅಡ್ಡಿಪಡಿಸಬೇಡಿ. ಎಣಿಕೆಯ ಪಟ್ಟಿ ಸರಿಯಿದೆಯೇ ಎಂದು ನೋಡಿ, ವ್ಯತ್ಯಾಸವಿದ್ದರೆ ಅಲ್ಲಿಯೇ ಬರೆಯಿಸಿ ಆಮೇಲೆ ಸಹಿ ಹಾಕಿ. ಆದೇಶದಲ್ಲಿ ಹೇಳದ ಮಾದರಿಗಳನ್ನು ಮುಟ್ಟುವ ಅಧಿಕಾರ ಅವರಿಗಿಲ್ಲ. ತಡೆಯಾಜ್ಞೆಯ ವಿಚಾರಣೆಯಲ್ಲಿ ಪೇಟೆಂಟಿನ ಸಿಂಧುತ್ವದ ಬಗ್ಗೆ ನಂಬತಕ್ಕ ಪ್ರಶ್ನೆಯನ್ನು ಎಬ್ಬಿಸಿದರೆ ಸಾಕು, ಪೂರ್ಣವಾಗಿ ಸಾಬೀತುಪಡಿಸಬೇಕಾಗಿಲ್ಲ. ಐದನೆಯ ಹೆಜ್ಜೆಯ ಶ್ರಮ ಕೈಹಿಡಿಯುವುದು ಇಲ್ಲಿಯೇ. ವಾಣಿಜ್ಯ ದಾವೆಯಲ್ಲಿ ಲಿಖಿತ ಹೇಳಿಕೆಗೆ (ದಾವೆಗೆ ನೀವು ಬರೆದು ಸಲ್ಲಿಸುವ ಉತ್ತರಕ್ಕೆ) ಸಮನ್ಸು ತಲಪಿದ ದಿನದಿಂದ 30 ದಿನ, ಕೋರ್ಟು ಒಪ್ಪಿದರೆ ಒಟ್ಟು 120 ದಿನ. ಆ ಬಳಿಕ ಒಂದು ದಿನವೂ ಸಿಗದು.

ಫೋನು, ವೈಫೈ, ವಿಡಿಯೊ ಸಂಕೇತೀಕರಣದಂಥವುಗಳಲ್ಲಿ ಬೇರೆ ಬೇರೆ ಕಂಪೆನಿಗಳ ಸಾಧನಗಳು ಒಂದಕ್ಕೊಂದು ಹೊಂದಲೆಂದು ಎಲ್ಲರೂ ಪಾಲಿಸುವ ಮಾನದಂಡಗಳಿಗೆ ಅನಿವಾರ್ಯವಾದ ಪೇಟೆಂಟುಗಳ ವಿಷಯ ಇನ್ನೊಂದು ಬಗೆಯದು. ಮಾನದಂಡವನ್ನು ಪಾಲಿಸುವ ಪ್ರತಿಯೊಂದು ಸಾಧನವೂ ಅವನ್ನು ಬಳಸಲೇಬೇಕಾದ್ದರಿಂದ, ನ್ಯಾಯಯುತವೂ ತಾರತಮ್ಯರಹಿತವೂ ಆದ ಷರತ್ತಿನಲ್ಲಿ ಪರವಾನಗಿ ಕೊಡುವುದಾಗಿ ಒಡೆಯರು ಮೊದಲೇ ಮಾತು ಕೊಟ್ಟಿರುತ್ತಾರೆ. ಆದರೆ ಪರವಾನಗಿ ಕೇಳುವವನೂ ಮಾತುಕತೆಗೆ ಮನಸ್ಸು ತೋರಿಸಬೇಕೆಂದು ಎರಿಕ್ಸನ್ ಮತ್ತು ಫೋನು ಕಂಪೆನಿ ಇಂಟೆಕ್ಸ್ ನಡುವಿನ ಪ್ರಕರಣದಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ 2023ರ ಮಾರ್ಚಿನಲ್ಲಿ ಹೇಳಿದೆ. 2024ರ ಮಾರ್ಚಿನಲ್ಲಿ ಲಾವಾ ಕಂಪೆನಿ ಎರಿಕ್ಸನ್ನಿಗೆ ಸುಮಾರು 244 ಕೋಟಿ ರೂಪಾಯಿ ಕೊಡಬೇಕೆಂಬ ತೀರ್ಪು ಬಂತು. ಎಂಟು ಪೇಟೆಂಟುಗಳಲ್ಲಿ ಒಂದು ಅಸಿಂಧುವಾದರೂ ಉಳಿದವು ನಿಂತವು. ಇಂಥ ನೋಟೀಸು ಬಂದ ಸಣ್ಣವರು ಮೊದಲು ಚಿಪ್ ಪೂರೈಕೆದಾರನ ಪರವಾನಗಿ ಪರಿಶೀಲಿಸಲಿ. ಇಲ್ಲವಾದರೆ ಪ್ರತಿ-ಪ್ರಸ್ತಾವವನ್ನು ಅಂಕಿ ಸಹಿತ ಬರೆದು ಕಳುಹಿಸಲಿ. ಗೋಪ್ಯತೆಯ ಕರಾರನ್ನು ಓದಿಸಿ ಅರ್ಥಮಾಡಿಕೊಳ್ಳದೆ ಸಹಿ ಹಾಕಬಾರದು.

ಹೆಜ್ಜೆ 9: ರಾಜಿಯಾದರೆ ಬರಹದಲ್ಲಿ ಆಗಲಿ

ಹಾಳೆಯ ಎರಡೂ ಬದಿ ಹೊಂದಿಕೆಯಾಗಿ, ಪೂರೈಕೆದಾರನಿಂದ ಕಾಗದ ಸಿಗದೆ, ಹಳೆಯ ಪ್ರಕಟಣೆಯೂ ದೊರೆಯದೆ ಹೋದರೆ ರಾಜಿಯೇ ವಿವೇಕದ ದಾರಿ. ಪರವಾನಗಿ ಲಿಖಿತವಾಗಿಲ್ಲದಿದ್ದರೆ ಕಾನೂನಿನಲ್ಲಿ ಅದಕ್ಕೆ ಬೆಲೆಯಿಲ್ಲ. ಸಹಿಯಾದ ಬಳಿಕ ಪೇಟೆಂಟ್ ಕಚೇರಿಯಲ್ಲಿ ನೋಂದಾಯಿಸಬೇಕು. ಉಳಿದ ಮಾಲನ್ನು ಮಾರಿ ಮುಗಿಸಲು ಇಂತಿಷ್ಟು ತಿಂಗಳು, ಈಗಾಗಲೇ ಚಿಲ್ಲರೆ ಅಂಗಡಿಗಳಿಗೆ ಹೋದ ಸರಕಿನ ಮೇಲೆ ತಕರಾರು ಇಲ್ಲ, ಬೇರೆಯವರ ದಾವೆಯಲ್ಲಿ ಪೇಟೆಂಟ್ ರದ್ದಾದರೆ ಅಂದಿನಿಂದ ರಾಯಲ್ಟಿ ನಿಲ್ಲುತ್ತದೆ – ಈ ಮೂರನ್ನು ಕೇಳಿ ಬರೆಯಿಸಿ. ಪೇಟೆಂಟಿನ ಸಿಂಧುತ್ವವನ್ನು ಪ್ರಶ್ನಿಸಕೂಡದೆಂದೋ, ಬೇಡದ ಪೇಟೆಂಟುಗಳನ್ನೂ ಒಟ್ಟಾಗಿ ಕೊಳ್ಳಲೇಬೇಕೆಂದೋ ಬಲವಂತಪಡಿಸುವ ಷರತ್ತು ಸೆಕ್ಷನ್ 140ರ ಪ್ರಕಾರ ಅನೂರ್ಜಿತ. ಒಪ್ಪಂದಕ್ಕೆ ಆಧಾರವಾದ ಪೇಟೆಂಟುಗಳೆಲ್ಲವೂ ಕೊನೆಗೊಂಡ ಮೇಲೆ, ಒಪ್ಪಂದದಲ್ಲಿ ಏನೇ ಬರೆದಿದ್ದರೂ, ಮೂರು ತಿಂಗಳ ನೋಟೀಸು ಕೊಟ್ಟು ಅದರಿಂದ ಹೊರಬರುವ ಹಕ್ಕನ್ನು ಸೆಕ್ಷನ್ 141 ನಿಮಗೆ ಕೊಟ್ಟಿದೆ. ಪ್ರತಿಯೊಂದು ಪೇಟೆಂಟಿನ ಮುಗಿಯುವ ದಿನಾಂಕವನ್ನು ಒಪ್ಪಂದದ ಅನುಬಂಧದಲ್ಲಿ ಬರೆಯಿಸಿಕೊಂಡರೆ ಆ ನೋಟೀಸನ್ನು ಯಾವ ದಿನ ಕಳುಹಿಸಬಹುದೆಂಬುದು ಮೊದಲೇ ತಿಳಿದಿರುತ್ತದೆ.